ಗಿರಾಕಿ ತಂದ ಪೆನ್‌ಡ್ರೈವ್ ನೋಡ್ಲಿಕ್ಕೆ ಬಿಸಾಡುವ ವಿಂಡೋಸ್ ಉಂಟಂತೆ, ಹೌದಾ?

ಬಿಜೈ_ಡಿಟಿಪಿ

ನಮಸ್ಕಾರ ಎಲ್ರಿಗೂ. ನಾನು ಮಂಗಳೂರಿನ ಬಿಜೈಯಲ್ಲಿ ಮನೆಯಲ್ಲೇ ಕೂತು ಡಿಟಿಪಿ (ಕಂಪ್ಯೂಟರಲ್ಲಿ ಅಚ್ಚಿನ ಪುಟ ಮಾಡುವ ಕೆಲಸ) ಮಾಡುದು. ದೀಪಾವಳಿ ಕಳೆದು ಸುರುವಾದ್ರೆ ಪತ್ತನಾಜೆವರೆಗೆ (ಮೇ ಕಡೆಯವರೆಗೆ) ದೇವಸ್ಥಾನದ ಬ್ರಹ್ಮಕಲಶ, ಭೂತದ ನೇಮ, ಯಕ್ಷಗಾನ ಆಟದ ನೋಟೀಸು, ಮದುವೆ ಕಾಗದ ಅಂತ ಪುರುಸೊತ್ತೇ ಇಲ್ಲ. ಬರುವವರಲ್ಲಿ ಅರ್ಧ ಜನ ಪೆನ್‌ಡ್ರೈವ್ ತರ್ತಾರೆ, ಬಾಕಿಯವರು ವಾಟ್ಸಪ್ಪಲ್ಲಿ ಕಳಿಸ್ತಾರೆ, ಒಬ್ಬೊಬ್ಬರ ಪೆನ್‌ಡ್ರೈವ್ ಹಾಕಿದ್ರೆ ಫೋಲ್ಡರ್ ಎಲ್ಲ ಶಾರ್ಟ್‌ಕಟ್ ಆಗಿರ್ತದೆ.

ಕಳೆದ ತಿಂಗಳು ಒಂದು ದೊಡ್ಡ ಬೆಪ್ಪು ಕೆಲಸ ಮಾಡಿದೆ. ಒಂದು ಫಾಂಟ್ ಪ್ಯಾಕ್ ಬೇಕಿತ್ತು, ಎಲ್ಲಿಂದಲೋ ಜಿಪ್ ಡೌನ್‌ಲೋಡ್ ಮಾಡಿದೆ, ಬಿಡಿಸ್ಲಿಕ್ಕೆ ಪಾಸ್‌ವರ್ಡ್ ಕೊಟ್ಟಿದ್ರು, ಆಂಟಿವೈರಸ್ ಆಫ್ ಮಾಡಿ ಅಂತ ಅದರಲ್ಲೇ ಬರೆದಿತ್ತು, ನಾನು ಮಾಡಿದೆ (ಬೈಬೇಡಿ, ರಾತ್ರಿ 11:30, ಮರುದಿನ ಬೆಳಿಗ್ಗೆ ಪ್ರೆಸ್ಸಿಗೆ ಕೊಡ್ಬೇಕಿತ್ತು). ಎರಡು ದಿನ ಕಳೆದು ನೋಡಿದ್ರೆ ನನ್ನ ಕೆಲಸದ ಪೇಜಲ್ಲಿ ಯಾರೋ ಕ್ರಿಪ್ಟೋ ಜಾಹೀರಾತು ಹಾಕ್ತಾ ಇದ್ದಾರೆ. ಪಾಸ್‌ವರ್ಡ್ ನಾನು ಯಾರಿಗೂ ಹೇಳಿದ್ದಲ್ಲ, ಓಟಿಪಿನೂ ಬಂದದ್ದಲ್ಲ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡ್ಸಿ ಆಯ್ತು, ಪೇಜ್ ಇನ್ನೂ ಕೈಗೆ ಬರ್ಲಿಲ್ಲ.

ಈಗ ನನ್ನ ಅಕ್ಕನ ಮಗ ಹೇಳುದು, ವಿಂಡೋಸ್ ಒಳಗೆ ಇನ್ನೊಂದು ವಿಂಡೋಸ್ ತೆಗೆದು ಅದರಲ್ಲಿ ಫೈಲ್ ನೋಡಿ ಕ್ಲೋಸ್ ಮಾಡಿದ್ರೆ ವೈರಸ್ ಸಮೇತ ಎಲ್ಲ ಹೋಗ್ತದೆ, ಬಾಳೆಲೆ ಊಟ ಮಾಡಿ ಎಲೆ ಬಿಸಾಡಿದ ಹಾಗೆ ಅಂತ. ಹೌದಾ ಇದು? ನನ್ನದು ಐ3, 8 ಜಿಬಿ ರ‍್ಯಾಮ್, ವಿಂಡೋಸ್ 11. ನನ್ನ ಹಾಗಿರುವವರಿಗೆ ಆಗುವಂಥದ್ದಾ ಅಥವಾ ಇಂಜಿನಿಯರ್‌ಗಳಿಗೆ ಮಾತ್ರವಾ?

ಮಣ್ಣಗುಡ್ಡೆ_ಮಂಡೆಬಿಸಿ

ಅಣ್ಣ, ಅಕ್ಕನ ಮಗ ಹೇಳಿದ್ದು ಸರಿ ಉಂಟು. ಅದರ ಹೆಸರು ವಿಂಡೋಸ್ ಸ್ಯಾಂಡ್‌ಬಾಕ್ಸ್. 2019ರಲ್ಲಿ ವಿಂಡೋಸ್ 10ರ 1903 ಅಪ್‌ಡೇಟಿನ ಜೊತೆ ಬಂದದ್ದು. ಬೇರೆ ಡೌನ್‌ಲೋಡ್ ಎಂತ ಬೇಡ, ವಿಂಡೋಸ್ ಫೀಚರ್ಸ್ ಪಟ್ಟಿಗೆ ಹೋಗಿ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿದ್ರೆ ಸ್ಟಾರ್ಟ್ ಮೆನುವಲ್ಲಿ ಬರ್ತದೆ. ತೆರೆದ್ರೆ ಒಂದು ಕಿಟಕಿಯೊಳಗೆ ಈಗಷ್ಟೇ ಇನ್‌ಸ್ಟಾಲ್ ಮಾಡಿದ ಹಾಗಿನ ಖಾಲಿ ವಿಂಡೋಸ್, ಕ್ಲೋಸ್ ಒತ್ತಿದ್ರೆ ಒಳಗಿದ್ದದ್ದೆಲ್ಲ ಶಾಶ್ವತವಾಗಿ ಹೋಗ್ತದೆ ಅಂತ ಒಮ್ಮೆ ಕೇಳ್ತದೆ, ಹ್ಞಾಂ ಅಂದ್ರೆ ಹೋಯ್ತು, ಮುಂದಿನ ಸಲ ಪುನಃ ಹೊಸತು. ಇದು ಬರೀ ಪ್ರೋಗ್ರಾಮಿಗೆ ಬೇಲಿ ಹಾಕುದಲ್ಲ, ಹೈಪರ್-ವಿ (ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ಓಡಿಸುವ ಮೈಕ್ರೋಸಾಫ್ಟಿನ ವ್ಯವಸ್ಥೆ) ಮೇಲೆ ಓಡುವ ಬೇರೆಯೇ ಕರ್ನೆಲ್ (ವಿಂಡೋಸಿನ ಮೂಲ ಭಾಗ), ಅಂದ್ರೆ ಒಳಗಿನ ವೈರಸ್ಸಿಗೆ ನಿಮ್ಮ ಸಿ ಡ್ರೈವ್ ಉಂಟು ಅಂತಲೇ ಗೊತ್ತಾಗುದಿಲ್ಲ. ರ‍್ಯಾಮ್ ಕಮ್ಮಿ ಅಂದ್ರೆ 4 ಜಿಬಿ ಬೇಕು, 8 ಇದ್ರೆ ಒಳ್ಳೇದು ಅಂತ ಮೈಕ್ರೋಸಾಫ್ಟ್ ಹೇಳುದು, ನಿಮ್ಮದು ಸಾಕು.

ಆದ್ರೆ ಒಂದು ಕಲ್ಲು ಉಂಟು ದಾರಿಯಲ್ಲಿ. ಇದು ಪ್ರೊ, ಎಂಟರ್‌ಪ್ರೈಸ್, ಎಜುಕೇಶನ್ ಎಡಿಶನ್‌ಗಳಿಗೆ ಮಾತ್ರ. ಹೋಮ್‌ಗೆ ಇಲ್ಲ. ನಮ್ಮಲ್ಲಿ ಅಂಗಡಿಯಿಂದ ತಂದ ಲ್ಯಾಪ್‌ಟಾಪ್ ಹೆಚ್ಚಿನದ್ದೂ ಹೋಮ್ ಸಿಂಗಲ್ ಲ್ಯಾಂಗ್ವೇಜ್, ಅದಕ್ಕೂ ಇಲ್ಲ. ಸೆಟ್ಟಿಂಗ್ಸಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್, ಅಲ್ಲಿ ನಿಮ್ಮದು ಯಾವುದು ಅಂತ ನೋಡಿ ಹೇಳಿ. ಹಾಗೇ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ, ಕೆಳಗೆ ವರ್ಚುವಲೈಸೇಶನ್ ಎನೇಬಲ್ಡ್ ಅಂತ ಉಂಟಾ ನೋಡಿ. ಇಲ್ಲದಿದ್ರೆ ಬಯೋಸಿಗೆ (ವಿಂಡೋಸ್ ಸುರುವಾಗುವ ಮೊದಲು ಬರುವ ಸೆಟ್ಟಿಂಗ್) ಹೋಗಿ ಆನ್ ಮಾಡ್ಬೇಕು.

ಮತ್ತೆ ಓಟಿಪಿ ಯಾಕೆ ಬರ್ಲಿಲ್ಲ ಅಂದ್ರೆ, ಅವ್ರು ಕದ್ದದ್ದು ಪಾಸ್‌ವರ್ಡ್ ಮಾತ್ರ ಅಲ್ಲ, ಬ್ರೌಸರಿನ ಕುಕ್ಕಿ. ನೀವು ಲಾಗಿನ್ ಆಗಿಯೇ ಇದ್ದೀರಿ ಅಂತ ವೆಬ್‌ಸೈಟಿಗೆ ತೋರಿಸುವ ಚೀಟಿ ಅದು. ಚೀಟಿ ಹಿಡ್ಕೊಂಡು ಹೋದವನತ್ರ ಓಟಿಪಿ ಯಾರು ಕೇಳ್ತಾರೆ. ಜಿಪ್ಪಿಗೆ ಪಾಸ್‌ವರ್ಡ್ ಹಾಕುದೂ ಆಂಟಿವೈರಸ್ಸಿಗೆ ಒಳಗೆ ಇಣುಕ್ಲಿಕ್ಕೆ ಆಗ್ಬಾರ್ದು ಅಂತಲೇ. ಫಾರ್ಮ್ಯಾಟ್ ಮಾಡ್ಸಿದ್ದು ಒಳ್ಳೇದಾಯ್ತು, ಆದ್ರೆ ಬೇರೆ ಎಲ್ಲ ಅಕೌಂಟಿನ ಪಾಸ್‌ವರ್ಡ್ ಬದಲಿಸಿ ಎಲ್ಲ ಡಿವೈಸಿಂದ ಲಾಗೌಟ್ ಕೊಟ್ರಾ? ಕೊಡದಿದ್ರೆ ಇವತ್ತೇ ಕೊಡಿ.

ಹಳೆಕೆಫೆ

ಈ ಪ್ರಶ್ನೆ ನೋಡಿ ನಂಗೆ ಹಳೇ ದಿನ ನೆನಪಾಯ್ತು. 2005ರಿಂದ ಸುಮಾರು ವರ್ಷ ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡ್ ಹತ್ತಿರ ಸೈಬರ್ ಕೆಫೆ ಇಟ್ಟಿದ್ದೆ, 9 ಸಿಸ್ಟಮ್. ಆಗ ವಿಂಡೋಸಲ್ಲಿ ಸ್ಯಾಂಡ್‌ಬಾಕ್ಸ್ ಗೀಂಡ್‌ಬಾಕ್ಸ್ ಎಂತ ಇಲ್ಲ, ಡೀಪ್ ಫ್ರೀಜ್ ಅಂತ ಒಂದು ಸಾಫ್ಟ್‌ವೇರ್. ಹಿಮಕರಡಿ ಚಿತ್ರ ಮೂಲೆಯಲ್ಲಿ ಕೂತಿರ್ತಿತ್ತು, ಕೆಫೆಗೆ ಹೋದವರು ನೋಡಿರ್ತೀರಿ. ಅದು ಡ್ರೈವನ್ನು ಹೆಪ್ಪುಗಟ್ಟಿಸಿ ಇಡುದು, ಗಿರಾಕಿ ಎಂತ ಬೇಕಾದ್ರೂ ಇನ್‌ಸ್ಟಾಲ್ ಮಾಡ್ಲಿ, ವಾಲ್‌ಪೇಪರ್ ಬದಲಿಸ್ಲಿ, ವೈರಸ್ ಹೊಡೆಸ್ಲಿ, ರೀಸ್ಟಾರ್ಟ್ ಮಾಡಿದ್ರೆ ನಿನ್ನೆ ಇದ್ದ ಹಾಗೇ. ಇದು ಬಂದ ಮೇಲೆ ವಾರಕ್ಕೊಮ್ಮೆ ಫಾರ್ಮ್ಯಾಟ್ ಮಾಡುವ ಉಪದ್ರ ತಪ್ಪಿತು.

ಆದ್ರೆ ಎರಡು ಸಲ ಮಂಗ ಆದೆ. ಒಂದು, ಮಳೆಗಾಲದಲ್ಲಿ ಒಬ್ಬ ಹುಡುಗ ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡ್ತಾ ಇದ್ದ, ಮೂರು ಗಂಟೆ ಕೂತಿದ್ದ ಪಾಪ, ಡೆಸ್ಕ್‌ಟಾಪಲ್ಲೇ ಸೇವ್ ಮಾಡ್ತಾ ಇದ್ದ. ಸಿಡಿಲು ಬಂತು, ಕರೆಂಟ್ ಹೋಯ್ತು, ನನ್ನ ಯುಪಿಎಸ್ ಬ್ಯಾಟರಿ ಸತ್ತು ಆಗಿತ್ತು. ಸೇವ್ ಮಾಡಿದ್ದೇನೆ ಅಂಕಲ್, ಸೇವ್ ಮಾಡಿದ್ದೇನೆ ಅಂತ ಅಳುವ ಹಾಗೆ ಹೇಳ್ತಾನೆ, ಸೇವ್ ಆದದ್ದನ್ನೂ ಕರಡಿ ತಿಂದಾಗಿದೆ. ಫ್ರೀಜ್ ಆಗದ ಒಂದು ಜಾಗ ಬಿಡ್ಲಿಕ್ಕೆ ಅದರಲ್ಲಿ ವ್ಯವಸ್ಥೆ ಇತ್ತು, ನಾನು ಇಟ್ಟಿರ್ಲಿಲ್ಲ. ತಪ್ಪು ನನ್ನದೇ, ದುಡ್ಡು ತೆಗೊಳ್ಳಿಲ್ಲ, ಚಾ ಕುಡಿಸಿ ಕಳಿಸಿದೆ.

ಎರಡನೇದು ನಿಮಗೆ ಲಾಗು ಆಗುದು. ಡೀಪ್ ಫ್ರೀಜ್ ಉಂಟಲ್ಲ ಅಂತ ನಾನು ಬೆಳಿಗ್ಗೆ ಆನ್ ಮಾಡಿದ ಸಿಸ್ಟಮ್ ರಾತ್ರಿ 9ಕ್ಕೇ ಆಫ್ ಮಾಡುದು. ಹತ್ತು ಗಂಟೆಗೆ ಬಂದವನ ಪೆನ್‌ಡ್ರೈವಿಂದ ಸಿಸ್ಟಮಿಗೆ ವೈರಸ್ ಬಂತು, ಆಮೇಲೆ ರಾತ್ರಿವರೆಗೆ ಅದೇ ಸಿಸ್ಟಮಿಗೆ ಚುಚ್ಚಿದ ಎಲ್ಲರ ಪೆನ್‌ಡ್ರೈವಿಗೂ ಹೋಯ್ತು. ನನ್ನ ಕಂಪ್ಯೂಟರ್ ಮರುದಿನ ಬೆಳಿಗ್ಗೆ ಗಂಗೆಯಲ್ಲಿ ಮಿಂದು ಬಂದ ಹಾಗೆ ಕ್ಲೀನ್, ಊರಿನವರ ಪೆನ್‌ಡ್ರೈವೆಲ್ಲ ಕೊಳೆ. ಗಿರಾಕಿಗಳು ಬಂದು ನಿಮ್ಮಲ್ಲೇ ವೈರಸ್ ಉಂಟು ಅಂದಾಗ ನಾನು ಜಗಳಕ್ಕೇ ಹೋಗಿದ್ದೆ, ನಮ್ಮಲ್ಲಿ ಇರ್ಲಿಕ್ಕೆ ಸಾಧ್ಯವೇ ಇಲ್ಲ ಅಂತ. ಮತ್ತೆ ಗೊತ್ತಾದದ್ದು. ಒಬ್ಬ ಗಿರಾಕಿ ಎದ್ದ ಮೇಲೆ ಎಲೆ ತೆಗಿಬೇಕು ಮಾರಾಯ್ರೆ, ಎಂಟು ಪಂಕ್ತಿಗೆ ಒಂದೇ ಎಲೆ ಹಾಕಿದ್ರೆ ಹೇಗೆ.

ಕೋಡಿ_ಕಡ್ಲ್

ಹ್ವಾಯ್, ಹೋಮ್ ಎಡಿಶನ್ ಆರೆ ಸ್ಯಾಂಡ್‌ಬಾಕ್ಸಿ ಪ್ಲಸ್ ಹಾಕಿ ಕಾಣಿ. ಇದ್ ಮೈಕ್ರೋಸಾಫ್ಟಿನದ್ದಲ್ಲ, ಬೇರೆ. ಸುಮಾರ್ ಹಳತ್, 2004ರಿಂದ ಇತ್ತ್, ಒಂದ್ ಕಂಪನಿಯಿಂದ ಇನ್ನೊಂದಕ್ಕೆ ಹೋಯಿ ಕಡೀಗೆ 2020ರಂಗೆ ಓಪನ್ ಸೋರ್ಸ್ ಆಯ್ತ್. ಹಗುರ, ನನ್ನ 4 ಜಿಬಿ ಡಬ್ಬಾದಗೂ ಓಡತ್ತ್. ಯಾವ ಫೈಲಾರೂ ರೈಟ್ ಕ್ಲಿಕ್ ಮಾಡಿ ಸ್ಯಾಂಡ್‌ಬಾಕ್ಸ್ ಒಳಗೆ ತೆರಿ ಅಂದ್ರೆ ಆಯ್ತ್, ಕಿಟಕಿ ಸುತ್ತ ಹಳದಿ ಗೆರೆ ಬತ್ತ್. ನಿಮ್ಮದೇ ವರ್ಡ್, ನಿಮ್ಮದೇ ಕೋರಲ್‌ಡ್ರಾ, ನಿಮ್ಮದೇ ಫಾಂಟ್ ಎಲ್ಲ ಇತ್ತ್, ಹೊಸ್ತಾಗಿ ಎಂತ ಹಾಕುದ್ ಬ್ಯಾಡ. ಬರೆದದ್ದೆಲ್ಲ ಬೇರೆ ಪೆಟ್ಟಿಗೆಗೆ ಹೋತ್ತ್, ಪೆಟ್ಟಿಗೆ ಖಾಲಿ ಮಾಡ್ರೆ ಮುಗೀತ್.

ಸಂಶಯಪಿಶಾಚಿ

ಮೇಲಿನವರು ಹೇಳಿದ್ದಕ್ಕೆ ಒಂದು ದೊಡ್ಡ ಆದ್ರೆ. ಸ್ಯಾಂಡ್‌ಬಾಕ್ಸಿಯ ಮಾಮೂಲಿ ಹಳದಿ ಪೆಟ್ಟಿಗೆ ತಡೆಯುದು ಬರೆಯುದನ್ನು, ಓದುದನ್ನಲ್ಲ. ಒಳಗಿನ ಪ್ರೋಗ್ರಾಮ್ ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರ್ ಓದಿ ಹೊರಗೆ ಕಳಿಸ್ಬಹುದು, ಆಮೇಲೆ ಪೆಟ್ಟಿಗೆ ಖಾಲಿ ಮಾಡಿದ್ರೆ ಎಂತ ಬಂತು, ಕಳ್ಳ ಹೋದ ಮೇಲೆ ಜಗಲಿ ಗುಡಿಸಿದ ಹಾಗೆ. ಇವರಿಗೆ ಆದದ್ದೇ ಕಳ್ಳತನ, ಫೈಲ್ ಹಾಳಾದದ್ದಲ್ಲ. ಹಾಕುದಾದ್ರೆ ಆ ಪೆಟ್ಟಿಗೆಗೆ ಇಂಟರ್‌ನೆಟ್ ಬಂದ್ ಮಾಡಿ, ನಿಮ್ಮ ಫೋಲ್ಡರ್‌ಗಳನ್ನೂ ಬ್ಲಾಕ್ ಮಾಡಿ ಹಾಕಿ.

ಎರಡನೇದು, ಇದನ್ನು ಎಲ್ಲರೂ ತಪ್ಪು ಮಾಡುದು ಅದಕ್ಕೆ ಉದ್ದ ಬರಿತಿದ್ದೇನೆ. ಜನ ಎಂತ ಮಾಡ್ತಾರೆ, ಯಾವುದೋ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ತಂದು ಸ್ಯಾಂಡ್‌ಬಾಕ್ಸಲ್ಲಿ ಓಡಿಸ್ತಾರೆ, ಎಂತ ಆಗ್ಲಿಲ್ಲ, ಓ ಇದು ಒಳ್ಳೇದುಂಟು ಅಂತ ಹೊರಗೆ ತಂದು ನಿಜವಾದ ಕಂಪ್ಯೂಟರಿಗೆ ಹಾಕ್ತಾರೆ. ಅದೇ ಬೇಕಾದದ್ದು ಅವನಿಗೆ. ಸುಮಾರು ಮಾಲ್‌ವೇರ್‌ಗಳಿಗೆ ತಾನು ವರ್ಚುವಲ್ ಮಶೀನ್ ಒಳಗೆ ಉಂಟು ಅಂತ ವಾಸನೆ ಗೊತ್ತಾಗ್ತದೆ, ಡಿಸ್ಕ್ ಎಷ್ಟು ದೊಡ್ಡದು, ಕೋರ್ ಎಷ್ಟು, ಡ್ರೈವರ್ ಹೆಸರು ಎಂತ ಅಂತ ನೋಡ್ತದೆ, ಸಂಶಯ ಬಂದ್ರೆ ಸುಮ್ಮನೆ ಕೂತ್ಕೊಳ್ತದೆ. ಕೆಲವು ಎಷ್ಟೋ ಹೊತ್ತು ಮಲಗಿ ಆಮೇಲೆ ಏಳ್ತದೆ. ಒಳಗೆ ಹತ್ತು ನಿಮಿಷ ಎಂತ ಆಗ್ಲಿಲ್ಲ ಅಂದ್ರೆ ಅದು ಶುದ್ಧ ಅಂತ ಅರ್ಥ ಅಲ್ಲ. ಹಾಗಾಗಿ ಸ್ಯಾಂಡ್‌ಬಾಕ್ಸಲ್ಲಿ ಪರೀಕ್ಷೆ ಮಾಡ್ಬೇಡಿ, ಕೆಲಸ ಮುಗಿಸಿ. ಒಳಗೆ ತೆಗಿರಿ, ಬೇಕಾದ ಅಕ್ಷರ, ಬೇಕಾದ ಫೋಟೋ ಹೊರಗೆ ತೆಗೊಳ್ಳಿ, ಬಾಕಿದ್ದು ಒಳಗೇ ಸಾಯ್ಲಿ. ಬಂದ ಫೈಲ್ ಬಂದ ರೂಪದಲ್ಲಿ ಹೊರಗೆ ಬರ್ಲಿಕ್ಕೇ ಇಲ್ಲ.

ಮತ್ತೆ ಒಳಗೆ ಕೂತು ನಿಮ್ಮ ಮೈಲಿಗೆ, ಬ್ಯಾಂಕಿಗೆ ಲಾಗಿನ್ ಆಗ್ಬೇಡಿ. ಆ ಖಾಲಿ ವಿಂಡೋಸಲ್ಲಿ ಕದಿಲಿಕ್ಕೆ ಎಂತ ಇಲ್ಲ ಎಂಬುದೇ ಅದರ ಶಕ್ತಿ, ನೀವೇ ಒಳಗೆ ಹೋಗಿ ಪಾಸ್‌ವರ್ಡ್ ಟೈಪ್ ಮಾಡಿದ್ರೆ ಯಾವ ಹೈಪರ್-ವಿಯೂ ಕಾಪಾಡುದಿಲ್ಲ.

ಬಿಜೈ_ಡಿಟಿಪಿ

ಮೊದಲು, ಅಣ್ಣ ಅಲ್ಲ ಅಕ್ಕ 😄

ನನ್ನದು ಹೋಮ್ ಸಿಂಗಲ್ ಲ್ಯಾಂಗ್ವೇಜೇ. ಆದ್ರೆ ಯಜಮಾನ್ರ ಆಫೀಸ್ ಲ್ಯಾಪ್‌ಟಾಪಲ್ಲಿ ಪ್ರೊ ಉಂಟು, ಅವರ ಆಫೀಸಲ್ಲಿ ಕೇಳಿ ಒಪ್ಪಿಗೆ ತೆಗೊಂಡು ಭಾನುವಾರ ಒಮ್ಮೆ ಸ್ಯಾಂಡ್‌ಬಾಕ್ಸ್ ನೋಡಿದೆ. ತೆರೆದದ್ದು ಭಾರೀ ಫಾಸ್ಟ್. ಆದ್ರೆ ಒಳಗೆ ವರ್ಡ್ ಇಲ್ಲ, ವರ್ಡ್‌ಪ್ಯಾಡೂ ಇಲ್ಲ, ಗಿರಾಕಿ ಕೊಟ್ಟ ಡಾಕ್ಯುಮೆಂಟ್ ತೆಗಿಲಿಕ್ಕೇ ಆಗುದಿಲ್ಲ. ಲಿಬ್ರೆಆಫೀಸ್ (ವರ್ಡ್ ಹಾಗಿನ ಫ್ರೀ ಸಾಫ್ಟ್‌ವೇರ್) ಒಳಗೆ ಇನ್‌ಸ್ಟಾಲ್ ಮಾಡಿದೆ, ಅದಕ್ಕೆ ಒಂದು ಚಾ ಕುಡಿಯುವಷ್ಟು ಹೊತ್ತು. ಕಡೆಗೂ ತೆರೆಯಿತು, ನೋಡಿದ್ರೆ ಕನ್ನಡವೇ ಇಲ್ಲ, ಎಲ್ಲ ಇಂಗ್ಲಿಷಿನ ಎ ಅಕ್ಷರದ ಮೇಲೆ ಟೊಪ್ಪಿ ಇಟ್ಟದ್ದು, ಪೌಂಡ್ ಚಿಹ್ನೆ, ಅದು ಇದು. ಅವ್ರು ನುಡಿ ಅಂತ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದು, ಖಾಲಿ ವಿಂಡೋಸಲ್ಲಿ ನುಡಿ ಫಾಂಟ್ ಎಲ್ಲಿಂದ ಬರ್ಬೇಕು! ಪ್ರತಿ ಸಲ ಲಿಬ್ರೆಆಫೀಸ್, ಪ್ರತಿ ಸಲ ಫಾಂಟ್, ಯಾರಿಂದ ಆಗ್ತದೆ ಇದು. ದಿನಕ್ಕೆ ಏಳೆಂಟು ಪಾರ್ಟಿ ಬರುದು ನನ್ನಲ್ಲಿ.

ಮಣ್ಣಗುಡ್ಡೆ_ಮಂಡೆಬಿಸಿ

ಸಾರಿ ಅಕ್ಕ! ನುಡಿ ವಿಷಯ ನನ್ನ ಮಂಡೆಗೆ ಹೋಗಿರ್ಲೇ ಇಲ್ಲ ನೋಡಿ.

ಆದ್ರೆ ಸ್ವಲ್ಪ ಯೋಚನೆ ಮಾಡಿ, ಆ ಟೊಪ್ಪಿ ಇಟ್ಟ ಅಕ್ಷರ ಹಾಳಾದದ್ದಲ್ಲ, ನುಡಿಯ ಹಳೇ ಫೈಲ್ ಅಂದ್ರೆ ಒಳಗಿರುದೇ ಅದು, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುದು ಅಷ್ಟೆ. ಅದನ್ನು ಹಾಗೇ ಕಾಪಿ ಮಾಡಿ ಹೊರಗೆ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ, ಅಲ್ಲಿಂದ ನಿಮ್ಮ ಪೇಜ್‌ಮೇಕರಿಗೋ ಕೋರಲ್ಲಿಗೋ ಹಾಕಿ ನುಡಿ ಫಾಂಟ್ ಕೊಟ್ರೆ ಕನ್ನಡ ಆಗ್ತದೆ. ಬೋಲ್ಡು, ಟೇಬಲ್ಲು ಹೋಗ್ತದೆ, ಆದ್ರೆ ಅದನ್ನು ಹೇಗೂ ನೀವು ಹೊಸತಾಗಿ ಮಾಡುದಲ್ವಾ. ನೋಟ್‌ಪ್ಯಾಡ್ ದಾಟಿ ಬಂದದ್ದು ಬರೀ ಅಕ್ಷರ, ಮ್ಯಾಕ್ರೋ (ಫೈಲಿನೊಳಗೆ ಅಡಗಿರುವ ಸಣ್ಣ ಪ್ರೋಗ್ರಾಮ್) ಗೀಕ್ರೋ ಒಳಗೇ ಉಳಿತದೆ. ಸಂಶಯಪಿಶಾಚಿ ಹೇಳಿದ್ದೂ ಇದೇ.

ದಿನಕ್ಕೆ ಏಳೆಂಟು ಅಂದ್ರೆ ಮಾತ್ರ ನಿಮಗೆ ವಿಂಡೋಸ್ ಸ್ಯಾಂಡ್‌ಬಾಕ್ಸ್ ಅಲ್ಲ, ವರ್ಚುವಲ್‌ಬಾಕ್ಸ್ ಆಗುದು, ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್ ಅದು. ಫ್ರೀ, ಹೋಮಲ್ಲೂ ಓಡ್ತದೆ. ಅದರಲ್ಲಿ ಲಿನಕ್ಸ್ ಮಿಂಟ್ (ವಿಂಡೋಸಿನ ಬದಲು ಹಾಕುವ ಫ್ರೀ ಓಎಸ್) ಒಮ್ಮೆ ಹಾಕಿ, ಲಿಬ್ರೆಆಫೀಸ್ ಅದರೊಟ್ಟಿಗೇ ಬರ್ತದೆ, ನಿಮ್ಮ ನುಡಿ ಫಾಂಟುಗಳನ್ನು ಅದಕ್ಕೂ ಹಾಕಿ. ಎಲ್ಲ ಸರಿ ಆದ ಮೇಲೆ ಆಫ್ ಮಾಡಿ ಆ ವರ್ಚುವಲ್ ಹಾರ್ಡ್‌ಡಿಸ್ಕಿನ ಟೈಪನ್ನು ಇಮ್ಯುಟೆಬಲ್ (ಬದಲಾಗದ್ದು) ಅಂತ ಬದಲಿಸಿ, ಮೀಡಿಯಾ ಮ್ಯಾನೇಜರಲ್ಲಿ ಉಂಟು. ಅಲ್ಲಿಂದ ಮುಂದೆ ಒಳಗೆ ಎಂತ ಮಾಡಿದ್ರೂ, ಆಫ್ ಮಾಡಿ ಪುನಃ ಆನ್ ಮಾಡುವಾಗ ಮೊದಲಿನ ಹಾಗೇ, ಹಳೆಕೆಫೆಯವರ ಹಿಮಕರಡಿಯೇ ಅದು, ಫಾಂಟ್ ಮತ್ತು ಲಿಬ್ರೆಆಫೀಸ್ ಮಾತ್ರ ಉಳಿದಿರ್ತದೆ. ಎರಡು ತಿಂಗಳಿಗೊಮ್ಮೆ ಪುನಃ ನಾರ್ಮಲ್ ಮಾಡಿ ಅಪ್‌ಡೇಟ್ ಹೊಡೆದು ಮತ್ತೆ ಇಮ್ಯುಟೆಬಲ್ ಮಾಡ್ಬೇಕು, ಅದು ಮರಿಬೇಡಿ. 8 ಜಿಬಿಯಲ್ಲಿ ಅದಕ್ಕೆ 3 ಕೊಡಿ, ಕ್ರೋಮ್ ಕ್ಲೋಸ್ ಮಾಡಿ ಇಟ್ಕೊಳ್ಳಿ. ಕಿಟಕಿಯ ಕೆಳಗೆ ಹಸಿರು ಆಮೆ ಚಿತ್ರ ಕಂಡ್ರೆ ಹೈಪರ್-ವಿ ಆನ್ ಉಂಟು ಅಂತ, ಅದಕ್ಕೇ ನಿಧಾನ. ಆಗ ಹೇಳಿ.

ಪೆನ್‌ಡ್ರೈವಿಗೆ ಯುಎಸ್‌ಬಿ ಫಿಲ್ಟರ್ ಅಂತ ಉಂಟು ಸೆಟ್ಟಿಂಗಲ್ಲಿ. ಖಾಲಿ ಫಿಲ್ಟರ್ ಒಂದು ಸೇರಿಸಿದ್ರೆ ಮಶೀನ್ ಓಡ್ತಿರುವಾಗ ಹೊಸತಾಗಿ ಚುಚ್ಚಿದ್ದೆಲ್ಲ ವಿಂಡೋಸಿಗೆ ಹೋಗದೆ ಲಿನಕ್ಸಿಗೇ ಹೋಗ್ತದೆ. ಖಾಲಿ ಅಂದ್ರೆ ಯಾವುದನ್ನೂ ಬಿಡುದಿಲ್ಲ, ಪ್ರಿಂಟರ್ ತೆಗೆದು ಹಾಕಿದ್ರೆ ಅದನ್ನೂ ನುಂಗ್ತದೆ, ಬೊಬ್ಬೆ ಹೊಡಿಬೇಡಿ ಮತ್ತೆ. ಶೇರ್ಡ್ ಫೋಲ್ಡರ್ ಕೊಡ್ಲೇಬೇಡಿ, ಕ್ಲಿಪ್‌ಬೋರ್ಡ್ ಒಳಗಿಂದ ಹೊರಗೆ ಒಂದೇ ದಿಕ್ಕು ಇಡಿ, ನಿಮ್ಮ ಹೊರಗಿನ ಕಾಪಿ ಮಾಡಿದ ಪಾಸ್‌ವರ್ಡ್ ಒಳಗೆ ಹೋಗ್ಬಾರ್ದು.

ಎಂಡ್‌ಪಾಯಿಂಟ್_ಮಣಿಪಾಲ

ಇಷ್ಟೆಲ್ಲ ಯಾಕೆ, ಕ್ಯೂಬ್ಸ್ ಓಎಸ್ ಹಾಕಿ. ಇಡೀ ಸಿಸ್ಟಮೇ ಬೇರೆ ಬೇರೆ ಕೋಣೆ, ಪಿಡಿಎಫ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಡಿಸ್ಪೋಸಬಲ್ ಕೋಣೆಯಲ್ಲಿ ತೆರಿತದೆ, ಮುಚ್ಚಿದ್ರೆ ಕೋಣೆಯೇ ಇಲ್ಲ. ಯುಎಸ್‌ಬಿಗೂ ಬೇರೆ ಕೋಣೆ.

ಹಳೆಕೆಫೆ

ಮಗಾ, ಅವರದ್ದು 8 ಜಿಬಿ ಐ3, ಕೋರಲ್‌ಡ್ರಾ ಬೇಕು, ನಾಳೆ ಬ್ರಹ್ಮಕಲಶದ ಕಾಗದ ಪ್ರೆಸ್ಸಿಗೆ ಹೋಗ್ಬೇಕು. ಕ್ಯೂಬ್ಸಿಗೆ 16 ಜಿಬಿ ಇಲ್ಲದಿದ್ರೆ ಸುಖ ಇಲ್ಲ. ಒಳ್ಳೇ ಸಾಮಾನು, ಆದ್ರೆ ಇಲಿ ಬಂದದ್ದಕ್ಕೆ ಮನೆ ಕೆಡವಿ ಕಟ್ಟಿ ಅಂದ ಹಾಗಾಯ್ತು.

ಎಂಡ್‌ಪಾಯಿಂಟ್_ಮಣಿಪಾಲ

ಹಹ ಒಪ್ಪಿದೆ. ನನ್ನದೂ ಅದರಲ್ಲಿ ವೈಫೈ ಸರಿ ಮಾಡ್ಲಿಕ್ಕೆ ಎರಡು ವಾರ ಹೋಗಿದೆ.

ಸಂಶಯಪಿಶಾಚಿ

ಇನ್ನೊಂದು ಸಣ್ಣದು. ವಾಟ್ಸಪ್ ವೆಬ್ಬಿಂದ ಬಂದ ವರ್ಡ್ ಫೈಲಿಗೆ ಇದು ಇಂಟರ್‌ನೆಟ್ಟಿಂದ ಬಂದದ್ದು ಅಂತ ವಿಂಡೋಸ್ ಒಂದು ಗುರ್ತು ಹಾಕ್ತದೆ, ಅದಕ್ಕೇ ಮೇಲೆ ಹಳದಿ ಪಟ್ಟಿ ಬರುದು, 2022ರಿಂದ ಹೀಗೆ ಬಂದ ಫೈಲಿನ ಮ್ಯಾಕ್ರೋನೂ ತಾನಾಗಿ ಬ್ಲಾಕ್ ಆಗ್ತದೆ. ಪೆನ್‌ಡ್ರೈವಿಂದ ಬಂದದ್ದಕ್ಕೆ ಸಾಮಾನ್ಯವಾಗಿ ಈ ಗುರ್ತು ಇರುದಿಲ್ಲ. ಹಾಗಾಗಿ ನಿಮ್ಮಲ್ಲಿ ವಾಟ್ಸಪ್ಪಿಗಿಂತ ಪೆನ್‌ಡ್ರೈವೇ ಹೆಚ್ಚು ಡೇಂಜರ್. ಫೈಲ್ ಎಕ್ಸ್‌ಟೆನ್ಶನ್ ಕಾಣುವ ಹಾಗೆ ಮಾಡಿಡಿ, ಫೋಲ್ಡರಿನ ಚಿತ್ರ ಇಟ್ಕೊಂಡ ಇಎಕ್ಸ್‌ಇ (ಪ್ರೋಗ್ರಾಮ್ ಫೈಲ್) ಎಷ್ಟು ಸಿಗ್ತದೆ ನೋಡಿ. ಬ್ಯಾಕಪ್ ಹಾರ್ಡ್‌ಡಿಸ್ಕ್ ಚುಚ್ಚಿಯೇ ಇಡ್ತೀರಾ ಅಥವಾ ತೆಗೆದಿಡ್ತೀರಾ?

ಬಿಜೈ_ಡಿಟಿಪಿ

ಚುಚ್ಚಿಯೇ ಇತ್ತು, ಇದು ಓದಿದ ಕೂಡ್ಲೇ ತೆಗೆದೆ.

ಅಕ್ಕನ ಮಗನನ್ನು ಕೂರಿಸಿ ವರ್ಚುವಲ್‌ಬಾಕ್ಸ್ ಹಾಕಿಸಿ ಆಯ್ತು, ಎರಡು ದಿನ ಹಿಡೀತು, ಬಯೋಸಲ್ಲಿ ವರ್ಚುವಲೈಸೇಶನ್ ಆಫ್ ಇತ್ತು. ಆಮೆ ಕಾಣ್ಲಿಲ್ಲ. ಕೋರಲ್ ಫೈಲ್ ಲಿಬ್ರೆಆಫೀಸಲ್ಲಿ ತೆರಿತದೆ ಆದ್ರೆ ಒಟ್ರಾಶಿ ಆಗ್ತದೆ, ಅದಕ್ಕೆ ಕೋರಲ್ ಕೊಡುವವರಿಗೆ ಅಕ್ಷರ ಎಲ್ಲ ಕರ್ವ್ (ಫಾಂಟ್ ಬೇಡದ ಗೆರೆ ಚಿತ್ರ) ಮಾಡಿ ಪಿಡಿಎಫ್ ಕೊಡಿ ಅಂತ ಹೇಳ್ಲಿಕ್ಕೆ ಸುರು ಮಾಡಿದ್ದೇನೆ, ಅರ್ಧ ಜನ ಕೇಳ್ತಾರೆ.

ನಿನ್ನೆ ಕಿನ್ನಿಗೋಳಿ ಕಡೆಯ ಒಬ್ರು ಭಜನಾ ಮಂದಿರದ ಕಾಗದಕ್ಕೆ ಪೆನ್‌ಡ್ರೈವ್ ತಂದ್ರು. ಬೇರೆ ಕಡೆ ಹಾಕಿದ್ರೆ ಬರೀ ಶಾರ್ಟ್‌ಕಟ್, ಫೋಟೋ ಎಲ್ಲ ಹೋಯ್ತು ಅಂತ ಬೇಜಾರಲ್ಲಿದ್ರು. ನಾನು ಲಿನಕ್ಸಲ್ಲಿ ತೆರೆದ್ರೆ ಶಾರ್ಟ್‌ಕಟ್ಟೂ ಉಂಟು, ಅದರ ಪಕ್ಕ ಅಡಗಿಸಿ ಇಟ್ಟ ನಿಜವಾದ ಫೋಲ್ಡರೂ ಉಂಟು, ವಿಂಡೋಸಿಗೆ ಕಾಣದ್ದು ಅದಕ್ಕೆ ಕಾಣ್ತದೆ! ಅವರ ಹಳೇ ಮಂದಿರದ ಫೋಟೋ ಎಲ್ಲ ಒಳಗೇ ಇತ್ತು. ನಾನೇನೋ ದೊಡ್ಡ ಇಂಜಿನಿಯರ್ ಅಂತ ಗ್ರಹಿಸಿ ಹೋಗುವಾಗ ಅರ್ಧ ಕೆಜಿ ಹಲಸಿನ ಹಪ್ಪಳ ಕೊಟ್ಟು ಹೋದ್ರು.

ಈಗ ಒಂದೇ ಡೌಟ್, ಆ ಫೋಟೋಗಳನ್ನು ಕ್ಲಿಪ್‌ಬೋರ್ಡಲ್ಲಿ ಹೊರಗೆ ತರ್ಲಿಕ್ಕೆ ಆಗ್ಲಿಲ್ಲ, ಶೇರ್ಡ್ ಫೋಲ್ಡರ್ ಬೇಡ ಅಂದಿದ್ದೀರಿ. ಹೇಗೆ ತರುದು?

ಮಣ್ಣಗುಡ್ಡೆ_ಮಂಡೆಬಿಸಿ

ಒಳಗಿನ ಬ್ರೌಸರಲ್ಲಿ ಇದಕ್ಕೇ ಅಂತ ಮಾಡಿದ ಬೇರೆ ಮೈಲ್ ಐಡಿ ತೆಗೆದು, ನಿಮ್ಮ ಮುಖ್ಯದ್ದಲ್ಲ, ಫೋಟೋ ಮಾತ್ರ ಕಳಿಸ್ಕೊಳ್ಳಿ. ಜೆಪಿಜಿ ಬಿಟ್ರೆ ಬೇರೆ ಎಂತದ್ದೂ ಕಳಿಸ್ಬೇಡಿ. ಜಾಸ್ತಿ ಫೋಟೋ ಇದ್ರೆ ನಿಮ್ಮದೇ ಖಾಲಿ ಪೆನ್‌ಡ್ರೈವ್ ಒಂದು ಇಟ್ಕೊಳ್ಳಿ, ಮೊದಲು ಮಶೀನ್ ಆಫ್ ಮಾಡಿ ಆನ್ ಮಾಡಿ, ಅವರದ್ದು ಮತ್ತು ನಿಮ್ಮದು ಎರಡೂ ಲಿನಕ್ಸಿಗೆ ಕೊಟ್ಟು ಫೋಟೋ ಮಾತ್ರ ಕಾಪಿ ಮಾಡಿ ತೆಗಿರಿ.

ಹಪ್ಪಳದಲ್ಲಿ ನಮ್ಮ ಪಾಲು ಎಲ್ಲಿ?